ಸಾಕಮ್ಮನ ಬಾಯಿಗುಣ

ಹೆಸರು ಕೇಳದೆ ಸೊಪ್ಪಿನ ಕಟ್ಟು ಕೊಡುವ ಅಭ್ಯಾಸ ಸಾಕಮ್ಮನಿಗೆ ಇರಲಿಲ್ಲ. ಮಂಕರಿ ಇಳಿಸಿ, ತಲೆಯ ಮೇಲಿನ ಸಿಂಬಿ ಬಿಚ್ಚಿ ಅದರಲ್ಲೇ ಮುಖ ಒರೆಸಿಕೊಂಡು, ಮನೆಯೊಡತಿಯನ್ನು ದುರುಗುಟ್ಟಿ ನೋಡುತ್ತ, ಮಗಳ ಹೆಸರೇನು, ಹಾಗಂದರೇನು ಎಂದು ಕೇಳುವಳು. ಗಂಡುಮಕ್ಕಳ ಹೆಸರು ಆಕೆಗೆ ಬೇಡವಾಗಿತ್ತು. ಅರ್ಥ ಗೊತ್ತಿಲ್ಲ ಅಂದವರಿಗೆ, ಗೊತ್ತಿಲ್ಲದೆ ಯಾಕೆ ಇಟ್ಟಿರಿ ಎಂದು ಜಗಳಕ್ಕೆ ನಿಂತು, ಬಾಡಿದ ಕಟ್ಟನ್ನು ಹುಡುಕಿ ಕೊಡುತ್ತಿದ್ದಳು. ಆದರೂ ಜನ ಕೊಳ್ಳುತ್ತಿದ್ದರು. ಆಕೆಯ ದಂಟು, ಸಬ್ಬಸಿಗೆ ಅಷ್ಟು ಎಳೆಯದಾಗಿರುತ್ತಿತ್ತು.

ಯಲಹಂಕದ ವಾಯುಸೇನೆಯ ಕ್ವಾರ್ಟರ್ಸಿನಲ್ಲಿ ದೇಶದ ಎಲ್ಲ ಮೂಲೆಯ ಹೆಂಗಸರೂ ಇದ್ದರು. ಆರ್.ಟಿ. ನಗರದಲ್ಲಿ ಹೊಸ ಹೊಸ ಮನೆಗಳು ಏಳುತ್ತಿದ್ದವು. ಅಲ್ಲೆಲ್ಲ ತಿರುಗಿ ಬಂದು ಸಂಜೆ ನನ್ನ ಬಾಗಿಲ ಮೆಟ್ಟಿಲ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚುತ್ತ, ಆ ದಿನ ಕೇಳಿದ ಹೆಸರುಗಳನ್ನು ನನಗೆ ಒಪ್ಪಿಸುವಳು. ಪ್ರೀತಿಯಿಂದಲ್ಲ, ಪಕ್ಕದ ಮನೆಯವರ ಮೇಲೆ ಚಾಡಿ ಹೇಳುವ ದನಿಯಲ್ಲಿ. ದರ್ಜಿಯ ಮಗಳು ನಸೀಮಾ ಅಂದರೆ ತಣ್ಣನೆ ಗಾಳಿಯಂತೆ. ತಮಿಳು ಹವಾಲ್ದಾರನ ಮಗಳು ಕಯಲ್‌ವಿಳಿ, ಮೀನಿನಂಥ ಕಣ್ಣಿನವಳಂತೆ. ಬಂಗಾಳಿಯವರು ಮಗಳಿಗೆ ಜೋನಾಕಿ ಅಂತ ಇಟ್ಟಿದ್ದಾರೆ, ಅದು ಮಿಣುಕುಹುಳವಂತೆ.

"ಉಳಕ್ಕಿರೋ ಮರ್ವಾದೆ ನಂಗಿಲ್ಲ ನೋಡ್ರಕ್ಕ" ಎಂದು ಎಲೆಯ ತೊಟ್ಟು ಮುರಿದು ಬಿಸಾಡಿದಳು.

ನಾನು ಆಗ ಅಮೃತಹಳ್ಳಿಗೆ ಹೊಸಬಳು. ನಮ್ಮದು ಗದಗಿನ ಕಡೆ. ಎಪ್ಪತ್ತಾರರಲ್ಲಿ ನಮ್ಮವರಿಗೆ, ಅಂದರೆ ನಾಗಲಿಂಗಪ್ಪನವರಿಗೆ, ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ಗುಮಾಸ್ತಿಕೆ ಸಿಕ್ಕಿತು. ಮುನಿಶಾಮಪ್ಪ ಎಂಬ ದ್ರಾಕ್ಷಿ ತೋಟದ ರೈತರ ಕಾಂಪೌಂಡಿನಲ್ಲಿ ಬಾಡಿಗೆಗೆ ಇಳಿದೆವು. ಅದೇ ಕಾಂಪೌಂಡಿನ ಹಿಂದುಗಡೆ, ದನದ ಕೊಟ್ಟಿಗೆಗೆ ಅಂಟಿಕೊಂಡ ಕೋಣೆಯಲ್ಲಿ ಸಾಕಮ್ಮ ಇದ್ದಳು. ಕೂಲಿಯವಳೇನೋ ಅಂದುಕೊಂಡಿದ್ದೆ. ಮನೆಯ ಮಗಳು ಅಂತ ಗೊತ್ತಾದಾಗ ನನಗೆ ಆಕೆಯ ತಾಯಿ ಗೌರಮ್ಮನ ಮೇಲೆ ಹತ್ತಿದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಗೌರಮ್ಮ ಕೆಟ್ಟ ಹೆಂಗಸಲ್ಲ ಎಂದು ಊರಿನವರೆಲ್ಲ ಹೇಳುತ್ತಾರೆ. ಹೇಳಲಿ. ಮೂರು ಹೆಣ್ಣು ಹೆತ್ತು, ನಾಲ್ಕನೆಯದೂ ಹೆಣ್ಣೇ ಆದಾಗ ಆಕೆ ಗೋಡೆ ಕಡೆ ಮುಖ ಮಾಡಿ ಮಲಗಿದಳಂತೆ. ಹೆಣ್ಣು ಸಾಕು ಎಂದು ದೇವರಿಗೆ ತಿಳಿಯಲಿ ಅಂತ ಮಗುವಿಗೆ ಸಾಕಮ್ಮ ಎಂದು ಇಟ್ಟರು. ಆಮೇಲೆ ಹುಟ್ಟಿದವನು ಬ್ಯಾಟರಾಯಪ್ಪ. ಸಾಕಮ್ಮನ ಕೇಡು ಶುರುವಾದದ್ದು ಅವನಿಂದಲೇ. ಐದನೆಯದೂ ಹೆಣ್ಣಾಗಿದ್ದರೆ ಆ ಹೆಸರು ಬರೀ ಒಂದು ಅವಮಾನವಾಗಿ ಮುಗಿದುಹೋಗುತ್ತಿತ್ತು. ಗಂಡಾಯಿತು ನೋಡಿ, ಅವಮಾನವೇ ಹರಕೆಯಾಗಿಬಿಟ್ಟಿತು.

ನಮ್ಮ ಕಡೆಯೂ ಸಾಕವ್ವಗಳು ಇದ್ದಾರೆ, ಇಲ್ಲ ಅನ್ನುವುದಿಲ್ಲ. ತಿಪ್ಪವ್ವ ಅಂತಲೂ ಇಡುತ್ತಾರೆ. ಆದರೆ ತಿಪ್ಪವ್ವನ ಮಾತು ಬೇರೆ. ಹುಟ್ಟಿದ ಕೂಸುಗಳೆಲ್ಲ ಸತ್ತುಹೋದ ತಾಯಿ, ಇದೊಂದಾದರೂ ಉಳಿಯಲಿ ಎಂದು ಮಗುವನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ, ಕಸ ಅಂದುಕೊಂಡು ಸಾವು ಬಿಟ್ಟು ಹೋಗಲಿ ಎಂದು ಇಡುವ ಹೆಸರು ಅದು. ಅದರಲ್ಲಿ ಜೀವ ಹಿಡಿದುಕೊಂಡ ಪ್ರೀತಿ ಇದೆ. ಸಾಕು ಎಂಬುದರಲ್ಲಿ ಏನಿದೆ? ಒಮ್ಮೆ ಇದನ್ನೇ ಸಾಕಮ್ಮನಿಗೆ ಹೇಳಿದೆ. ಆಕೆ ನನ್ನ ಪಾಂಡಿತ್ಯಕ್ಕೆ ಮೂಗು ಮುರಿದಳು.

"ನಿಮ್ದು ಎಸ್ರು, ರತ್ನಕ್ಕ. ನಂದು ಎಸ್ರಲ್ಲ. ಬಾಗ್ಲಿಗೆ ಬಂದ ಬಿಕ್ಸದೋರಿಗೆ ಮುಂದಕ್ಕೋಗಿ ಅಂತೀವಲ್ಲ, ನಂಗೆ ಉಟ್ಟಿದ ದಿನ್ವೇ ಅಂದವ್ರೆ."

ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಬಿಡಲಿಲ್ಲ. ಸಾಕಮ್ಮನ ಬೆನ್ನಿಗೆ ಗಂಡು ಬಂತು ಎಂಬ ಸುದ್ದಿ ಜಕ್ಕೂರು, ಕೊಡಿಗೇಹಳ್ಳಿ, ಚಿಕ್ಕಜಾಲದವರೆಗೂ ಹಬ್ಬಿತು. ಮೂರನೆಯದೋ ನಾಲ್ಕನೆಯದೋ ಹೆಣ್ಣು ಹೆತ್ತವರು ಗೌರಮ್ಮನ ಮನೆಗೆ ಬಂದು, ನಿಮ್ಮ ಮಗಳನ್ನು ಕಳಿಸಿ, ನಮ್ಮ ಕೂಸಿನ ಕಿವಿಯಲ್ಲಿ ಅವಳೇ ಆ ಹೆಸರು ಕೂಗಲಿ, ಅವಳ ಬಾಯಿಗುಣ ಒಳ್ಳೆಯದು ಎಂದು ಕೇಳತೊಡಗಿದರು. ಹೆಸರು ಕೂಗುವುದು ಸೋದರತ್ತೆಯ ಹಕ್ಕು. ಗಂಡಿನ ಆಸೆಗೆ ಆ ಅತ್ತೆಯರನ್ನೂ ಪಕ್ಕಕ್ಕೆ ಸರಿಸಿ ಈ ಹುಡುಗಿಯನ್ನು ಕೂರಿಸುತ್ತಿದ್ದರು. ಲಂಗ ಸರಿಯಾಗಿ ಕಟ್ಟಿಕೊಳ್ಳಲು ಬಾರದ ವಯಸ್ಸಿನಲ್ಲೇ ಸಾಕಮ್ಮ ತೊಟ್ಟಿಲಿಗೆ ಬಗ್ಗಿ, ವೀಳ್ಯದೆಲೆ ಅಡ್ಡ ಹಿಡಿದು, ತನ್ನ ಹೆಸರನ್ನು ಕಂಡವರ ಮಕ್ಕಳ ಕಿವಿಗೆ ಊದುತ್ತಿದ್ದಳು. ತೆಂಗಿನಕಾಯಿ, ರವಿಕೆ ಕಣ ಗೌರಮ್ಮನ ಮಡಿಲಿಗೆ ಬೀಳುತ್ತಿತ್ತು. ಕೆಲವರಿಗೆ ಆಮೇಲೆ ಗಂಡಾಯಿತು, ಕೆಲವರಿಗೆ ಆಗಲಿಲ್ಲ. ಆದವರು ಸೀರೆ ತಂದರು. ಆಗದವರು ಸುಮ್ಮನಾದರು. ಹೀಗಾಗಿ ಬಾಯಿಗುಣ ಎಂದೂ ಕೆಡಲಿಲ್ಲ.

ದೊಡ್ಡವಳಾದ ಮೇಲೆ ಯಲಹಂಕದ ಸಂತೆಯಲ್ಲಿ ಯಾರಾದರೂ 'ಸಾಕಮ್ಮಾ' ಎಂದು ಕೂಗಿದರೆ ಒಟ್ಟಿಗೆ ನಾಲ್ಕಾರು ಹುಡುಗಿಯರು ತಿರುಗಿ ನೋಡುತ್ತಿದ್ದರಂತೆ. ಅವರ ಮುಖ ನೋಡಲಾಗದೆ ಈಕೆ ಮಂಕರಿ ಹೊತ್ತುಕೊಂಡು ಬೇರೆ ಸಾಲಿಗೆ ಹೋಗಿಬಿಡುವಳು.

ಮದುವೆ ಮಾಡಿ ಚಿಕ್ಕಜಾಲಕ್ಕೆ ಕೊಟ್ಟರು. ಮಕ್ಕಳಾಗಲಿಲ್ಲ. ಗಂಡ ಇನ್ನೊಬ್ಬಳನ್ನು ತಂದ. ತವರಿಗೆ ಬಂದವಳಿಗೆ, ಅಪ್ಪನ ಯಜಮಾನಿಕೆ ಕೈಗೆ ತೆಗೆದುಕೊಂಡಿದ್ದ ತಮ್ಮ ಬ್ಯಾಟರಾಯಪ್ಪ, ಕೊಟ್ಟಿಗೆಯ ಪಕ್ಕದ ಕೋಣೆ ತೋರಿಸಿದ. ಹಗಲೆಲ್ಲ ತೋಟದ ಕೆಲಸ, ಮಧ್ಯೆ ಸೊಪ್ಪಿನ ಮಂಕರಿ, ಯಾರಾದರೂ ಕರೆದರೆ ತೊಟ್ಟಿಲ ಬಳಿ ಹೋಗಿ ಹೆಸರು ಕೂಗುವುದು. ಆ ಕೋಣೆಗೆ ಅದೇ ಬಾಡಿಗೆ ಅನ್ನಿ.

ಈ ಏರ್ಪಾಡು ಕೆಟ್ಟದ್ದು ಕ್ವಾರ್ಟರ್ಸಿನಲ್ಲಿ. ಒಂದು ದಿನ ಸಂಜೆ ಸಾಕಮ್ಮ ಮಂಕರಿಯನ್ನು ಸಹ ಇಳಿಸದೆ ನನ್ನ ಬಾಗಿಲಿಗೆ ಬಂದಳು. ಹರಿಯಾಣದಿಂದ ಹೊಸದಾಗಿ ಒಬ್ಬ ಹೆಂಗಸು ಬಂದಿದ್ದಾಳೆ, ಗಂಡ ವಿಮಾನ ರಿಪೇರಿ ಮಾಡುವವನು. ಆಕೆಗೆ ಹೆಣ್ಣುಮಕ್ಕಳಿಲ್ಲದ್ದರಿಂದ ಸಾಕಮ್ಮ ಆಕೆಯದೇ ಹೆಸರು ಕೇಳಿದ್ದಾಳೆ, ಆರ್.ಟಿ. ನಗರದಲ್ಲಿ ಕಲಿತ ಸೊಪ್ಪಿನ ವ್ಯಾಪಾರದ ಉರ್ದುವಿನಲ್ಲಿ. ಆಕೆ ಭತೇರಿ ಅಂದಳಂತೆ. ಹಾಗಂದರೇನು ಎಂದರೆ, ಬೇಕಾದಷ್ಟಾಯಿತು, ಇನ್ನು ಸಾಕು ಅಂತ.

"ನಂದೇ ಎಸ್ರು ಕಣ್ರಕ್ಕ" ಅಂದಳು ಸಾಕಮ್ಮ. "ನಮ್ಮವ್ವನ ಮುಖಾನೂ ನೋಡಿಲ್ಲ ಅವ್ರು. ಅಲ್ಲೂ ಅದೇ ಎಸ್ರು ಇಟ್ಟವ್ರೆ."

ಆಕೆ ಅಲ್ಲಿಗೆ ಬಿಟ್ಟು ಬಂದಿರಲಿಲ್ಲ. ನಿನ್ನ ಬೆನ್ನಿಗೆ ಗಂಡಾಯಿತಾ ಎಂದು ಕೇಳಿದ್ದಳು. ಭತೇರಿ ನಕ್ಕುಬಿಟ್ಟಳಂತೆ. ನನ್ನ ಹಿಂದೆ ಇನ್ನೂ ಮೂವರು ತಂಗಿಯರು ಹುಟ್ಟಿದರು, ಅವರಿಗೆ ಹೆಸರಿಡುವ ಉಸಾಬರಿಗೇ ಯಾರೂ ಹೋಗಲಿಲ್ಲ, ದೊಡ್ಡದು ಚಿಕ್ಕದು ಎಂದು ಕರೆದರು ಅಂದಳಂತೆ.

ಆ ವಾರವೆಲ್ಲ ಸಾಕಮ್ಮ ಸೊಪ್ಪು ಮಾರಿದ್ದಕ್ಕಿಂತ ಹೆಸರು ಕೆದಕಿದ್ದೇ ಹೆಚ್ಚು. ಯಶವಂತಪುರದ ಗೂಡ್ಸ್ ಶೆಡ್ಡಿನ ಹತ್ತಿರ ಈರುಳ್ಳಿ ಆರಿಸುವ ತಮಿಳು ಹೆಂಗಸೊಬ್ಬಳ ಹೆಸರು ವೇಂಡಾ, ಬೇಡ ಎಂದು. ನಾನೇ ಇನ್ನೊಂದು ಸೇರಿಸಿದೆ. ನಮ್ಮವರ ಜೊತೆ ಕೆಲಸ ಮಾಡುವ ಅಪ್ಪಾಸಾಹೇಬರ ಹೆಂಡತಿ, ಮರಾಠಿ ಮಾತಾಡುವವಳು, ಮತ್ತಿಕೆರೆಯಲ್ಲಿ ಇದ್ದಳು. ಅವಳ ಹೆಸರು ನಕೋಶಿ. ಬೇಡವಾದವಳು. ಈ ಊರಿಗೆ ಬಂದು ಸೀರೆ ಬದಲಾಯಿಸಿದಳು, ಮಾತು ಬದಲಾಯಿಸಿದಳು, ಹೆಸರೊಂದು ಹಾಗೇ ಉಳಿಯಿತು.

ಸಾಕಮ್ಮ ಇದನ್ನೆಲ್ಲ ಗೌರಮ್ಮನ ಮುಂದೆ ಸುರಿದಳು. ಆ ಹೆಸರಿನಿಂದ ಗಂಡು ಹುಟ್ಟುವುದಾಗಿದ್ದರೆ ಭತೇರಿಯ ತಾಯಿಗೂ ಹುಟ್ಟಬೇಕಿತ್ತು, ಇದು ಬರೀ ಬೈಗುಳ ಎಂದಳು. ಗೌರಮ್ಮ ಅವರೆಕಾಯಿ ಸುಲಿಯುತ್ತ, ತಲೆ ಎತ್ತದೆ, "ಅವ್ರ ದೇವ್ರು ಬ್ಯಾರೆ" ಅಂದಳು.

ಅಂದಿನಿಂದ ಸಾಕಮ್ಮ ಯಾರ ತೊಟ್ಟಿಲ ಬಳಿಯೂ ಹೋಗಲಿಲ್ಲ. ಕರೆಯಲು ಬಂದವರಿಗೆ ಗಂಟಲು ಕಟ್ಟಿದೆ ಎನ್ನುವಳು. ಅದೇ ಗಂಟಲಲ್ಲಿ ಮರುಗಳಿಗೆ ಇಡೀ ಬೀದಿಗೆ ಕೇಳುವಂತೆ ಸೊಪ್ಪು ಕೂಗುವಳು. ಗೌರಮ್ಮ ಹಲ್ಲು ಕಡಿದುಕೊಂಡು ಸಹಿಸಿದಳು, ಹೊರಗಿನವರ ಕೂಸುಗಳಲ್ಲವೇ ಎಂದು.

ಎಂಬತ್ತಮೂರರಲ್ಲಿ ಅದು ಮನೆಯೊಳಕ್ಕೇ ಬಂತು. ಬ್ಯಾಟರಾಯಪ್ಪನ ಹೆಂಡತಿ ಪಟಾಲಮ್ಮ ಮೂರನೆಯದೂ ಹೆಣ್ಣು ಹೆತ್ತಳು. ಆ ಹೊತ್ತಿಗೆ ಬ್ಯಾಟರಾಯಪ್ಪ ತೋಟದ ಒಂದು ಭಾಗವನ್ನು ಸೈಟು ಮಾಡಿ ಮಾರಿ, ರಾಜದೂತ್ ಬೈಕು ಕೊಂಡು, ಕೈಗೆ ಚಿನ್ನದ ಚೈನಿನ ವಾಚು ಕಟ್ಟಿದ್ದ. ಉಳಿದ ಸೈಟುಗಳಿಗೆ ವಾರಸುದಾರ ಬೇಡವೇ? ಹೊರಗಿನವರಿಗೆಲ್ಲ ಗಂಡು ಹಂಚಿದವಳು ಒಡಹುಟ್ಟಿದವನಿಗೆ ಕೊಡುವುದಿಲ್ಲವಾ ಎಂಬುದು ಅವನ ಪ್ರಶ್ನೆ. ಮೂವರು ಅಕ್ಕಂದಿರೂ ಬರುತ್ತಾರೆ, ಆದರೆ ಹೆಸರು ಕೂಗಬೇಕಾದವಳು ಸಾಕಮ್ಮನೇ, ಕೂಗಬೇಕಾದ ಹೆಸರು ಸಾಕಮ್ಮ ಎಂದೇ, ಎಂದು ಗೌರಮ್ಮ ತೀರ್ಮಾನಿಸಿದಳು.

ಆಗುವುದಿಲ್ಲ ಎಂದಳು ಸಾಕಮ್ಮ. ಬ್ಯಾಟರಾಯಪ್ಪ ಕೊಟ್ಟಿಗೆಯ ಮುಂದೆ ನಿಂತು, ನಾನು ಬಟ್ಟೆ ಒಗೆಯುತ್ತಿದ್ದದ್ದನ್ನೂ ಲೆಕ್ಕಿಸದೆ, ಹೇಳಿಯೇಬಿಟ್ಟ.

"ಕೂಗಿದ್ರೆ ಈ ರೂಮು ಸಾಯೋಗಂಟ ನಿಂದು. ಇಲ್ಲಾಂದ್ರೆ ಗಂಟು ಕಟ್ಕೊ. ಬಿಟ್ಟಿ ಇಟ್ಕಳಾಕೆ ನೀನೇನ್ ನಂಗೆ ಎತ್ತವ್ವನಾ?"

ನನಗೆ ಕೈಯಲ್ಲಿದ್ದ ಒದ್ದೆ ಸೀರೆಯನ್ನು ಆ ವಾಚಿನ ಮೇಲೆ ಬೀಸಬೇಕು ಅನ್ನಿಸಿತು. ಆದರೆ ನಾವೂ ಅವರ ಸೂರಿನ ಕೆಳಗೆ ಇದ್ದವರು.

ಅವತ್ತೇ ಸಂಜೆ ಬಾಣಂತಿ ಪಟಾಲಮ್ಮ, ತಲೆಗೆ ಕಟ್ಟಿದ ಬಟ್ಟೆ ಸಮೇತ, ಹಿತ್ತಲಿಗೆ ಕದ್ದು ಬಂದು ಗಂಡನ ಅಕ್ಕನ ಮುಂದೆ ನಿಂತಳು. ಬಾಯಿ ಸತ್ತ ಹುಡುಗಿ. ಮೊದಲೆರಡು ಹೆಣ್ಣಿಗೇ ಆ ಮನೆಯಲ್ಲಿ ಅವಳ ತಟ್ಟೆಗೆ ತುಪ್ಪ ಬೀಳುವುದು ನಿಂತುಹೋಗಿತ್ತು. ಏನೋ ಹೇಳಲು ಬಂದವಳು ಸುಮ್ಮನೆ ಕೂಸನ್ನು ಸಾಕಮ್ಮನ ಮಡಿಲಿಗೆ ಹಾಕಿ, ಕೈ ತೊಳೆಯುವವಳಂತೆ ನಲ್ಲಿ ಹತ್ತಿರ ಹೋಗಿ ನಿಂತಳು. ಕೂಸು ಸಾಕಮ್ಮನ ಬೆರಳು ಹಿಡಿದು ಬಿಡಲೇ ಇಲ್ಲ. ಹಸಿದ ಕೂಸು ಯಾರ ಬೆರಳಾದರೂ ಹಿಡಿಯುತ್ತದೆ, ಅದರಲ್ಲಿ ವಿಶೇಷವಿಲ್ಲ. ಆದರೆ ಸಾಕಮ್ಮನ ಮುಖ ನೋಡಿದ ಮೇಲೆ, ಈಕೆ ಕೋಣೆ ಕಳೆದುಕೊಳ್ಳುತ್ತಾಳೆ ಎಂದು ನನಗೆ ಖಾತ್ರಿಯಾಯಿತು.

ತೊಟ್ಟಿಲ ದಿನ ಮನೆ ತುಂಬ ಹೆಂಗಸರು. ಸಿಹಿ ಕಡುಬು, ಕಡಲೆ ಉಸ್ಲಿ. ಗೌರಮ್ಮ ಹೊಸ ಸೀರೆಯುಟ್ಟು ಎಲ್ಲರಿಗೂ ಮುಂದಿನ ವರ್ಷದ ಮೊಮ್ಮಗನ ನಾಮಕರಣಕ್ಕೆ ಈಗಲೇ ಕರೆ ಕೊಡುತ್ತಿದ್ದಳು. ಬ್ಯಾಟರಾಯಪ್ಪ ಬಾಗಿಲಲ್ಲಿ ನಿಂತಿದ್ದ. ಮೂವರು ಅಕ್ಕಂದಿರು ತೊಟ್ಟಿಲ ಹಗ್ಗ ಹಿಡಿದಿದ್ದರು. ಸಾಕಮ್ಮ ಸೊಪ್ಪು ಮಾರುವ ಸೀರೆಯಲ್ಲೇ ಬಂದಳು. ಯಾರ ಮುಖವನ್ನೂ ನೋಡದೆ ವೀಳ್ಯದೆಲೆ ತೆಗೆದುಕೊಂಡು ಬಗ್ಗಿದಳು.

ಹೆಸರನ್ನು ಮೊದಲು ಕಿವಿಯಲ್ಲಿ ಮೆಲ್ಲಗೆ ಹೇಳಿ ಆಮೇಲೆ ಗಟ್ಟಿಯಾಗಿ ಹೇಳುವುದು ಪದ್ಧತಿ. ಕಿವಿಯಲ್ಲಿ ಆಕೆ ಬಹಳ ಹೊತ್ತು ಮಾತಾಡಿದಳು. ಹೆಸರೊಂದೇ ಅಲ್ಲ, ಇನ್ನೂ ಏನೇನೋ. ಅದೇನು ಎಂದು ಆಮೇಲೆ ನಾನೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಗೌರಮ್ಮ ಕೆಮ್ಮಿದಳು. ಸಾಕಮ್ಮ ನೆಟ್ಟಗೆ ನಿಂತು, ಕ್ವಾರ್ಟರ್ಸಿನ ಬೀದಿಯಲ್ಲಿ ಸೊಪ್ಪು ಕೂಗುವ ಅದೇ ಗಂಟಲಲ್ಲಿ ಕೂಗಿದಳು.

"ಬೇಕಮ್ಮ. ಬೇಕಮ್ಮ. ಬೇಕಮ್ಮ."

ಅಂಥ ಹೆಸರನ್ನು ಯಾರೂ ಕೇಳಿರಲಿಲ್ಲ. ಯಾವಳೋ ಮುಸಿಮುಸಿ ನಕ್ಕಳು. ಉಳಿದವರಿಗೆ ನಗಬೇಕೋ ಬಾಯಿ ಬಡಿದುಕೊಳ್ಳಬೇಕೋ ತಿಳಿಯಲಿಲ್ಲ. ಗೌರಮ್ಮ ಎದ್ದು, ಇದು ಲೆಕ್ಕಕ್ಕಿಲ್ಲ, ದೊಡ್ಡವಳೇ ಇನ್ನೊಂದು ಸಲ ಕೂಗಲಿ ಅಂದಳು. ಆಗ ನಾನು ಹೆಂಗಸರನ್ನು ಸರಿಸಿಕೊಂಡು ಮುಂದೆ ಹೋದೆ. ನಮ್ಮ ಕಡೆ ಒಂದು ಪದ್ಧತಿ ಇದೆ. ಸೋದರತ್ತೆ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುತ್ತಿದ್ದ ಹಾಗೆ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ನಾನು ಸಾಕಮ್ಮನ ಬೆನ್ನಿಗೆ ಹೊಟ್ಟೆಯಲ್ಲಿದ್ದ ಸಿಟ್ಟನ್ನೆಲ್ಲ ಸೇರಿಸಿ ಗುದ್ದಿದೆ. ಆಕೆ ಒಂದು ಹೆಜ್ಜೆ ಮುಂದಕ್ಕೆ ಮುಗ್ಗರಿಸಿದಳು.

"ಗುದ್ದು ಬಿತ್ತಂದ್ರ ಮುಗೀತ್ರಿ" ಅಂದೆ ಗೌರಮ್ಮನಿಗೆ. "ಇನ್ನ ಹೆಸರು ತಿರುಗಿಸಿದ್ರ ಕೂಸಿಗೆ ಆಗಿಬರೂದಿಲ್ಲ."

ಮೊದಲನೆಯ ಮಾತು ನಮ್ಮ ಕಡೆಯದು. ಎರಡನೆಯದು ಅಲ್ಲೇ ನಿಂತು ಹುಟ್ಟಿಸಿದ್ದು. ಇಂಥ ಮಾತಿಗೆ ಹೆದರುವ ಮನೆ ಅದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೂವರು ಅಕ್ಕಂದಿರಲ್ಲಿ ಒಬ್ಬಳೂ ಮತ್ತೆ ಕೂಗಲು ಒಪ್ಪಲಿಲ್ಲ.

ಊಟ ಮುಗಿಯುವವರೆಗೂ ಬ್ಯಾಟರಾಯಪ್ಪ ಕಾಯಲಿಲ್ಲ. ಸಾಕಮ್ಮನ ಮಂಕರಿ, ಚಾಪೆ, ಒಂದು ಟ್ರಂಕು ಬೀದಿಗೆ ಬಿದ್ದವು. ಹುಚ್ಚುಮುಂಡೆ, ಬಂಜೆ, ನನ್ನ ವಂಶಕ್ಕೆ ಮಣ್ಣು ಹಾಕಿದಳು, ಎಂದೆಲ್ಲ ಕೂಗಾಡಿದ. ನಮ್ಮವರನ್ನು ಕರೆದು, ಅಮಾವಾಸ್ಯೆಯೊಳಗೆ ನೀವೂ ಜಾಗ ಖಾಲಿ ಮಾಡಿ ಅಂದ. ನಮ್ಮವರು ಮೆತ್ತಗಿನ ಮನುಷ್ಯ. ಊರ ಮಂದಿಯ ಹೆಸರಿನ ಉಸಾಬರಿ ನಿನಗೆ ಯಾಕೆ ಬೇಕಿತ್ತು ಎಂದು ನನ್ನನ್ನು ಕೇಳಿದರು. ನಾನು ಪಾತ್ರೆ ಕಟ್ಟುತ್ತ, ನಿಮ್ಮ ಮಗಳಿಗೆ ರೋಹಿಣಿ ಎಂದು ನಕ್ಷತ್ರದ ಹೆಸರು ಇಟ್ಟು ನಿಶ್ಚಿಂತೆಯಿಂದ ಕೂತಿದ್ದೀರಿ, ಅದಕ್ಕೇ ಈ ಪ್ರಶ್ನೆ ಕೇಳುತ್ತೀರಿ ಅಂದೆ. ಆಮೇಲೆ ಅವರು ಕೈಗಾಡಿ ಹುಡುಕಲು ಹೋದರು.

ಮತ್ತಿಕೆರೆಯಲ್ಲಿ ಅಪ್ಪಾಸಾಹೇಬರ ಮನೆಯ ಹಿಂದೆ ಎರಡು ಕೋಣೆ ಖಾಲಿ ಇದ್ದವು. ಕಾಲೇಜು ಹುಡುಗರಿಗೆ ಕೊಟ್ಟರೆ ಹೆಚ್ಚು ಬರುತ್ತಿತ್ತು. ನಕೋಶಿ ಗಂಡನ ಮಾತು ಕೇಳದೆ ಒಂದನ್ನು ನಮಗೆ, ಒಂದನ್ನು ಸಾಕಮ್ಮನಿಗೆ ಕೊಟ್ಟಳು. ಸಾಕಮ್ಮ ಅವಳನ್ನು ಮೊದಲ ಸಲ ಕಂಡಾಗ ಇಬ್ಬರೂ ಅತ್ತುಕೊಂಡು ತಬ್ಬಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅಂಥದ್ದೇನೂ ಆಗಲಿಲ್ಲ. ನೀರಿನ ಕೊಡದ ಸರದಿಗೆ ಎರಡನೆಯ ದಿನವೇ ಜಗಳವಾಡಿದರು. ಸಾಕಮ್ಮ ಹಿತ್ತಲಿನ ತುಂಡು ಜಾಗದಲ್ಲಿ ಸೊಪ್ಪು ಹಾಕಿದಳು, ಉಳಿದದ್ದನ್ನು ಯಶವಂತಪುರದಿಂದ ತಂದಳು. ಅಮೃತಹಳ್ಳಿಯ ಹೆಸರು ಎತ್ತುತ್ತಿರಲಿಲ್ಲ. ಆದರೆ ಆ ಕಡೆಯ ಹಾಲಿನವನು ಬಂದರೆ, ಆ ಕೂಸನ್ನು ಏನೆಂದು ಕರೆಯುತ್ತಾರೆ ಎಂದು ಒಂದೇ ಒಂದು ಮಾತು ಕೇಳುವಳು. ಅವನಿಗೆ ಗೊತ್ತಿರಲಿಲ್ಲ. ಪಾಪು ಅಂತಾರೆ ಅನ್ನುವನು. ಕೇಳಿ ಒಳಗೆ ಹೋಗಿಬಿಡುವಳು. ಕೋಣೆ ಹೋಯಿತು, ಹೆಸರೂ ನಿಲ್ಲಲಿಲ್ಲ ಎಂದು ಆಕೆಯ ಎದೆ ಉರಿಯುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ಸಮಾಧಾನ ಹೇಳಲು ಹೋದರೆ ನನಗೇ ಕಚ್ಚಲು ಬರುತ್ತಿದ್ದಳು.

ಎಂಬತ್ತೈದರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಮ್ಮ ಬೀದಿಗೆ ಆಟೋ ಬಂದು ನಿಂತಿತು. ಇಳಿದವಳು ಗೌರಮ್ಮ. ಒಂದು ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಸೀರೆ, ಬಳೆ, ತೆಂಗಿನಕಾಯಿ. ಸೊಂಟದ ಮೇಲೆ ಎರಡು ವರ್ಷದ ಹೆಣ್ಣುಮಗು, ಕೈಯಲ್ಲಿ ಬಾಳೆಹಣ್ಣು ಹಿಸುಕುತ್ತ. ಹಿಂದೆ, ಎಳೆಗೂಸು ಎತ್ತಿಕೊಂಡ ಚಿಕ್ಕಜಾಲದ ಯಾರೋ ಒಬ್ಬ ಹೆಂಗಸು. ಸಾಕಮ್ಮ ಬಾಗಿಲಲ್ಲೇ ಕೂತು ಕೊತ್ತಂಬರಿ ಕಟ್ಟುತ್ತಿದ್ದಳು. ಏಳಲಿಲ್ಲ. ನಾನೂ ನಕೋಶಿಯೂ ಕೆಲಸ ಬಿಟ್ಟು ಬಂದು ನಿಂತೆವು.

ಪಟಾಲಮ್ಮನಿಗೆ ಗಂಡು ಹುಟ್ಟಿತ್ತು. ಗೌರಮ್ಮನ ಮುಖ ಹೊಳೆಯುತ್ತಿತ್ತು. ಎರಡು ವರ್ಷದ ಹಿಂದೆ ಮಗಳ ಚಾಪೆ ಬೀದಿಗೆ ಬಿದ್ದದ್ದು ಆಕೆಗೆ ನೆನಪೇ ಇದ್ದಂತಿರಲಿಲ್ಲ.

"ನಿನ್ ಬಾಯ್ಗುಣ ಎಲ್ಲೂ ಓಗಿಲ್ಲ ಕಣೆ" ಅಂದಳು. "ಸಾಕು ಅಂದ್ರೂ ಗಂಡು, ಬೇಕು ಅಂದ್ರೂ ಗಂಡು. ಬಾ ಮನೇಗೆ. ಕೊಟ್ಗೆ ತಾವಲ್ಲ, ಒಳಗ್ಲ ರೂಮೇ ಬಿಟ್ಕೊಡ್ತವ್ನೆ ನಿನ್ ತಮ್ಮ."

ಆಮೇಲೆ ಚಿಕ್ಕಜಾಲದವಳನ್ನು ಮುಂದಕ್ಕೆ ತಳ್ಳಿದಳು. ಇವಳಿಗೆ ನಾಲ್ಕನೆಯ ಹೆಣ್ಣು. ಸಾಕಮ್ಮ ಎಂಬುದು ಹಳೆಯದಾಯಿತು, ಈಗ ಎಲ್ಲರೂ ಬೇಕಮ್ಮ ಅಂತಲೇ ಕೇಳುತ್ತಿದ್ದಾರೆ, ಇವಳ ಕೂಸಿನ ಕಿವಿಗೂ ಅದನ್ನೇ ಕೂಗು, ಆ ಹೆಸರು ಇನ್ನೂ ಜೋರು ಕೆಲಸ ಮಾಡುತ್ತದೆ ಎಂದು ಊರೆಲ್ಲ ಮಾತು, ಎಂದು ಒಂದೇ ಉಸಿರಿಗೆ ಹೇಳಿದಳು.

ಆ ಜನಕ್ಕೆ ಏನು ಹೇಳಿದರೂ, ಹೇಗೆ ಬೈದರೂ, ಅದನ್ನು ಅರೆದು ಗಂಡಿನ ಔಷಧಿ ಮಾಡಿಕೊಳ್ಳುತ್ತಾರೆ.

ಸಾಕಮ್ಮ ಕೊತ್ತಂಬರಿಯ ಕಟ್ಟನ್ನು ಪಕ್ಕಕ್ಕಿಟ್ಟಳು. ಚಿಕ್ಕಜಾಲದವಳನ್ನು ನೋಡಿ, ಈ ಮಗು ನಿನಗೆ ಬೇಕಾ ಎಂದು ಕೇಳಿದಳು. ಅವಳು ಅರ್ಥವಾಗದೆ ಗೌರಮ್ಮನ ಮುಖ ನೋಡಿ, ಗಂಡು ಬೇಕು ಎಂದೇ ಇಷ್ಟು ದೂರ ಬಂದಿದ್ದೇನೆ ಅಂದಳು. ಸಾಕಮ್ಮ ತಲೆಯಾಡಿಸಿದಳು. ಆಮೇಲೆ ಗೌರಮ್ಮನ ಸೊಂಟದ ಮೇಲಿದ್ದ ಮಗುವಿನ ಕಡೆ ತಿರುಗಿದಳು. ಅದು ಬೀದಿಯ ಕರುವನ್ನು ನೋಡುತ್ತಿತ್ತು.

"ಬೇಕಮ್ಮ" ಅಂದಳು, ಮೆಲ್ಲಗೆ.

ಮಗು ಥಟ್ಟನೆ ತಿರುಗಿ, ಬಾಯಲ್ಲಿ ಹಣ್ಣು ತುಂಬಿಕೊಂಡೇ, "ಆಂ" ಅಂದಿತು.

ಗೌರಮ್ಮನ ಮುಖ ಗಂಟಿಕ್ಕಿತು. ಇದರ ತಾಯಿ ಪಟಾಲಮ್ಮ ಇದ್ದಾಳಲ್ಲ, ಎಷ್ಟು ಹೇಳಿದರೂ ಕೇಳದೆ ಅದೇ ಹೆಸರು ಹಿಡಿದು ಕೂಗುತ್ತಾಳೆ, ನಮ್ಮ ಮುಂದೆ ಅಲ್ಲ, ಹಿತ್ತಲಲ್ಲಿ, ಎಂದು ಗೊಣಗಿದಳು. ಬಾಯಿ ಸತ್ತ ಹುಡುಗಿ ಎಂದು ನಾನು ಯಾರನ್ನು ಅಂದಿದ್ದೆನೋ ಅವಳು.

ಸಾಕಮ್ಮ ಎದ್ದು ಮಗುವನ್ನು ಎತ್ತಿಕೊಂಡಳು. ಸೆರಗಿನಿಂದ ಅದರ ಬಾಯಿ ಒರೆಸಿದಳು. ಇನ್ನೊಮ್ಮೆ ಹೆಸರು ಹಿಡಿದು ಕರೆದಳು, ಇನ್ನೊಮ್ಮೆ ಅದು ಓಗೊಟ್ಟಿತು. ಸಾಕಮ್ಮ ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಮಗುವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದು, ಆಮೇಲೆ ಗೌರಮ್ಮನ ಸೊಂಟಕ್ಕೆ ವಾಪಸು ಕೊಟ್ಟಳು. ತಟ್ಟೆಯನ್ನು ಮುಟ್ಟಲಿಲ್ಲ. ಒಳಗೆ ಹೋಗಿ ಹೊಸ್ತಿಲ ಆಚೆ ನಿಂತು, ಬಾಗಿಲಿಗೆ ಕೈ ಹಾಕಿದಳು.

"ಮುಂದಕ್ಕೋಗಿ" ಅಂದಳು.

ಗೌರಮ್ಮನಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ತಟ್ಟೆಯಲ್ಲಿದ್ದ ಬಳೆಗಳು ಸದ್ದು ಮಾಡಿದವು. "ಯಾರ್ಗೆ ಯೋಳ್ತಿದ್ದೀಯೆ ಆ ಮಾತ್ನ? ಎತ್ತವ್ವಂಗಾ?"

"ಉಟ್ಟಿದ ದಿನ ನೀನೇ ಕೊಟ್ಟಿದ್ದು ಕಣವ್ವ. ಇಷ್ಟ್ ದಿನ ಮಡಿಕ್ಕಂಡಿದ್ದೆ. ತಗೋ."

ಬಾಗಿಲು ಹಾಕಿಕೊಂಡಳು. ಆಟೋದವನು ಇನ್ನೂ ಹೊರಟಿರಲಿಲ್ಲ.